ಅಗ್ಗದ ಸಣ್ಣ ಕಾರು: ಬೆಂಗಳೂರಿನ ಬೀದಿಗೆ ಸರಿ, ಹೆದ್ದಾರಿಗೆ?

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಇಳಿಯಿತು. ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29ರಷ್ಟಿದ್ದ ತೆರಿಗೆ ಶೇ 18ಕ್ಕೆ ಬಂತು. ಆಯುಧಪೂಜೆಗೆ ಹೊಸ ಕಾರು ತರಬೇಕೆಂದಿದ್ದವರಿಗೆ ಖುಷಿಯ ಸುದ್ದಿ. ಅದೇ ತಿಂಗಳಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಕಾರುಗಳ ಹೊಗೆಗೆ ಮಿತಿ ಹಾಕುವ ಕೆಫೆ ನಿಯಮದ ಕರಡು ಹೊರಡಿಸಿತು. ಅದರಲ್ಲೂ ಸಣ್ಣ ಕಾರಿಗೆ ರಿಯಾಯಿತಿ ಇತ್ತು. ಆದರೆ ಅದನ್ನು ನೋಡಿದ್ದೇ ತಡ, ಕಾರು ಕಂಪನಿಗಳು ಎರಡು ಬಣಗಳಾಗಿ ಒಡೆದವು. ಬಡವರ ಕಾರು ಉಳಿಯಬೇಕಾದರೆ ಇದು ಬೇಕು ಎಂದಿತು ಒಂದು ಬಣ. ಇದರಿಂದ ಜನರ ಜೀವಕ್ಕೆ ಅಪಾಯ ಎಂದಿತು ಇನ್ನೊಂದು.

ಈ ಗದ್ದಲದ ನಡುವೆ ಗೊಂದಲಕ್ಕೆ ಬಿದ್ದವನು ಕೊಳ್ಳುವವನು. ನಾಲ್ಕೈದು ಲಕ್ಷದ ಕಾರು ಈಗ ಒಳ್ಳೆಯ ಆಯ್ಕೆಯೇ? ಬೆಂಗಳೂರಿನಂಥ ಊರಿನಲ್ಲಿ ಅದರಿಂದ ಏನು ಲಾಭ, ಎಲ್ಲಿ ಕೈಕೊಡುತ್ತದೆ? ತೆರಿಗೆ ಇಳಿಸಿದ ಸರ್ಕಾರವೇ ಸುರಕ್ಷತೆಯ ಮಾತನ್ನೂ ಆಡುತ್ತಿರುವಾಗ ಯಾವುದನ್ನು ನಂಬುವುದು?

ಮೂರು ಕಚೇರಿ, ಮೂರು ಅಳತೆ

ಗೊಂದಲದ ಮೂಲ ಇಲ್ಲಿದೆ: ಯಾವ ಕಾರು ಸಣ್ಣದು ಎಂಬುದನ್ನು ಒಂದೊಂದು ಕಚೇರಿ ಒಂದೊಂದು ರೀತಿ ಅಳೆಯುತ್ತದೆ.

ಜಿಎಸ್‌ಟಿ ನೋಡುವುದು ಉದ್ದ ಮತ್ತು ಎಂಜಿನ್ನನ್ನು. ಕಾರು 4,000 ಮಿಲಿಮೀಟರ್ ಮೀರಬಾರದು. ಎಂಜಿನ್ ಪೆಟ್ರೋಲಿನದಾದರೆ 1,200 ಸಿಸಿ, ಡೀಸೆಲಿನದಾದರೆ 1,500 ಸಿಸಿ ದಾಟಬಾರದು. ಈ ಗೆರೆ ಹೊಸದಲ್ಲ. 2006ರ ಕೇಂದ್ರ ಬಜೆಟ್‌ನಲ್ಲಿ ಪಿ. ಚಿದಂಬರಂ ಸಣ್ಣ ಕಾರುಗಳ ಎಕ್ಸೈಸ್ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದಾಗ ಎಳೆದದ್ದು. ಆಮೇಲೆ ಆದದ್ದು ಯಾರಾದರೂ ಊಹಿಸಬಹುದಾದದ್ದೇ. ಕಂಪನಿಗಳು ನಾಲ್ಕು ಮೀಟರಿನೊಳಗೆ ಏನೆಲ್ಲ ತುರುಕಬಹುದೋ ಅದನ್ನೆಲ್ಲ ತುರುಕಿದವು. ಮೊದಲು ಡಿಕ್ಕಿ ಮೊಟಕಾದ ಸೆಡಾನ್‌ಗಳು ಬಂದವು, ಆಮೇಲೆ ಎತ್ತರದ, ಅಗಲದ ಎಸ್‌ಯುವಿಗಳು. ಇವತ್ತು 3,995 ಮಿ.ಮೀ. ಉದ್ದದ ನೆಕ್ಸಾನ್‌ಗೂ 3,530 ಮಿ.ಮೀ. ಉದ್ದದ ಆಲ್ಟೊಗೂ ಜಿಎಸ್‌ಟಿ ಒಂದೇ, ಶೇ 18. ಬ್ರೆಝಾ ಕೂಡ ನಾಲ್ಕು ಮೀಟರಿನೊಳಗಿನದೇ. ಆದರೆ ಅದರ ಪೆಟ್ರೋಲ್ ಎಂಜಿನ್ 1,462 ಸಿಸಿ ಆದ್ದರಿಂದ ಅದಕ್ಕೆ ಶೇ 40.

ಇಂಧನ ದಕ್ಷತಾ ಬ್ಯೂರೊ ತನ್ನ ಕರಡಿನಲ್ಲಿ ಈ ಎರಡರ ಜೊತೆಗೆ ಮೂರನೆಯ ಷರತ್ತು ಸೇರಿಸಿತು: ತೂಕ 909 ಕೆ.ಜಿ. ಮೀರಬಾರದು. ಅಲ್ಲಿಗೆ ನೆಕ್ಸಾನ್, ಪಂಚ್, ವೆನ್ಯೂ ಎಲ್ಲ ಪಟ್ಟಿಯಿಂದ ಆಚೆ. ಮಾರುತಿಯ ಆಲ್ಟೊ, ಎಸ್-ಪ್ರೆಸ್ಸೊ, ಸೆಲೆರಿಯೊ, ವ್ಯಾಗನ್ ಆರ್ ಒಳಗೆ. ಟಾಟಾದ ಅತಿ ಚಿಕ್ಕ ಕಾರು ಟಿಯಾಗೊ ಕೂಡ ಈ ಗೆರೆಯ ಆಚೆಗೇ ನಿಲ್ಲುತ್ತದೆ.

ಇನ್ನು ಕರ್ನಾಟಕ ಸಾರಿಗೆ ಇಲಾಖೆ. ಅದಕ್ಕೆ ಉದ್ದವೂ ಬೇಡ, ತೂಕವೂ ಬೇಡ. ಅದು ನೋಡುವುದು ಬೆಲೆಯನ್ನು. ಐದು ಲಕ್ಷದವರೆಗಿನ ಕಾರಿಗೆ ಲೈಫ್ ಟ್ಯಾಕ್ಸ್ ಶೇ 13, ಹತ್ತು ಲಕ್ಷದವರೆಗೆ ಶೇ 14, ಇಪ್ಪತ್ತು ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಸೆಸ್. ದೇಶದಲ್ಲೇ ಹೆಚ್ಚು ವಾಹನ ತೆರಿಗೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು.

ಕೈಗೆ ಉಳಿಯುವುದು ಎಷ್ಟು

ಲೆಕ್ಕ ಹಾಕಿಯೇ ನೋಡೋಣ. ತೆರಿಗೆಗೆ ಮೊದಲು ನಾಲ್ಕು ಲಕ್ಷ ರೂಪಾಯಿ ಬೆಲೆಯ ಒಂದು ಪೆಟ್ರೋಲ್ ಕಾರು ಎಂದಿಟ್ಟುಕೊಳ್ಳಿ. ಹಳೆಯ ಶೇ 29ರಲ್ಲಿ ಅದರ ಎಕ್ಸ್ ಶೋರೂಂ ಬೆಲೆ 5,16,000 ರೂಪಾಯಿ. ಶೇ 18ರಲ್ಲಿ 4,72,000. ಉಳಿದದ್ದು 44,000.

ಬೆಂಗಳೂರಿನಲ್ಲಿ ಉಳಿತಾಯ ಇಷ್ಟಕ್ಕೇ ನಿಲ್ಲುವುದಿಲ್ಲ. ಹಳೆಯ ಬೆಲೆ ಐದು ಲಕ್ಷದ ಗೆರೆಗಿಂತ ಮೇಲಿತ್ತು, ಹೊಸ ಬೆಲೆ ಕೆಳಗಿದೆ. ಆದ್ದರಿಂದ ಲೈಫ್ ಟ್ಯಾಕ್ಸ್ ದರವೂ ಶೇ 14ರಿಂದ 13ಕ್ಕೆ ಇಳಿಯುತ್ತದೆ. ಸೆಸ್ ಸೇರಿ ಮೊದಲು ಕಟ್ಟಬೇಕಿದ್ದದ್ದು ಸುಮಾರು 80,200 ರೂಪಾಯಿ, ಈಗ ಸುಮಾರು 68,100. ಅಲ್ಲಿಗೆ ಒಟ್ಟು ಉಳಿತಾಯ 56,000 ದಾಟಿತು. ಕೆಲವು ಕಂಪನಿಗಳು ತೆರಿಗೆ ಇಳಿದದ್ದಕ್ಕಿಂತಲೂ ಹೆಚ್ಚು ಬೆಲೆ ಇಳಿಸಿದವು. ಮಾರುತಿ ಆಗ ಪ್ರಕಟಿಸಿದ ಆರಂಭಿಕ ಬೆಲೆ ಎಸ್-ಪ್ರೆಸ್ಸೊಗೆ 3,49,900 ರೂಪಾಯಿ, ಆಲ್ಟೊ ಕೆ10ಗೆ 3,69,900.

ಆದರೆ ಈ ಉಳಿತಾಯ ಕೈಯಲ್ಲಿ ಉಳಿಯುತ್ತದೆಯೇ ಎಂಬುದು ಸಾಲದ ಮೇಲೆ ನಿಂತಿದೆ. 4.5 ಲಕ್ಷ ರೂಪಾಯಿ ಸಾಲವನ್ನು ಶೇ 9ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 9,340, ಒಟ್ಟು ಬಡ್ಡಿ ಸುಮಾರು 1.10 ಲಕ್ಷ. ಏಳು ವರ್ಷಕ್ಕೆ ಹಾಕಿಸಿದರೆ ಕಂತು 7,240ಕ್ಕೆ ಇಳಿಯುತ್ತದೆ, ಬಡ್ಡಿ 1.58 ಲಕ್ಷಕ್ಕೆ ಏರುತ್ತದೆ. ಎರಡರ ನಡುವಿನ ವ್ಯತ್ಯಾಸ ಸುಮಾರು 48,000. ಜಿಎಸ್‌ಟಿಯಲ್ಲಿ ಉಳಿದ 44,000 ಹಾಗೆಯೇ ಬ್ಯಾಂಕಿಗೆ ಹೋಯಿತು. ಶೋರೂಮಿನಲ್ಲಿ ಮಾತು ಯಾವಾಗಲೂ ಕಂತಿನ ಸುತ್ತ ತಿರುಗುತ್ತದೆ, ಒಟ್ಟು ಮೊತ್ತದ ಸುತ್ತ ಅಲ್ಲ. ಸಣ್ಣ ಕಾರು ಕೊಳ್ಳುವವರಿಗೇ ಇದರ ಪೆಟ್ಟು ಹೆಚ್ಚು, ಯಾಕೆಂದರೆ ದೀರ್ಘ ಸಾಲದ ಅಗತ್ಯ ಬೀಳುವುದು ಅವರಿಗೇ.

ಓಡಿಸುವ ಖರ್ಚಿನಲ್ಲಿ ಮಾತ್ರ ಸಣ್ಣ ಕಾರನ್ನು ಮೀರಿಸುವುದು ಕಷ್ಟ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ವರ್ಷಕ್ಕೆ 10,000 ಕಿ.ಮೀ. ಓಡಾಟ ಎಂದುಕೊಳ್ಳಿ. ಪೇಟೆಯಲ್ಲಿ 15 ಕಿ.ಮೀ. ಮೈಲೇಜ್ ಕೊಡುವ ಕಾರಿಗೆ ವರ್ಷಕ್ಕೆ ಸುಮಾರು 68,700 ರೂಪಾಯಿ ಬೇಕು. 12 ಕೊಡುವುದಕ್ಕೆ ಸುಮಾರು 85,800. ಟೈರು, ಬ್ಯಾಟರಿ, ಸರ್ವಿಸ್ ಎಲ್ಲದರಲ್ಲೂ ಇದೇ ಅಂತರ ಮುಂದುವರಿಯುತ್ತದೆ. ಕಡ್ಡಾಯವಾದ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯ ಕಂತು ಕೂಡ 1,000 ಸಿಸಿಯೊಳಗಿನ ಎಂಜಿನ್‌ಗೆ ಕಡಿಮೆ. ಜಾಹೀರಾತಿನ ಮೈಲೇಜನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಆಲ್ಟೊ ಕೆ10ನ ಅಧಿಕೃತ ಅಂಕಿ 24 ಕಿ.ಮೀ. ದಾಟುತ್ತದೆ, ಆದರೆ ಅದು ಪರೀಕ್ಷಾ ಕೊಠಡಿಯ ಅಂಕಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅದನ್ನು ಪಡೆಯಲಾಗುವುದಿಲ್ಲ.

ಇಪ್ಪತ್ತಡಿ ರಸ್ತೆಯ ಅಳತೆ

ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ಬಹಳ ದಿನವಾಯಿತು. ಸಣ್ಣ ಕಾರು ಬಂದರೆ ಟ್ರಾಫಿಕ್ ಹಗುರಾಗುತ್ತದೆ ಎಂಬ ವಾದ ಆಗಾಗ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದೆಂದು ಬಿಡಿಸಿ ನೋಡಬೇಕು.

ಓಡುವ ರಸ್ತೆಯನ್ನು ಮೊದಲು ತೆಗೆದುಕೊಳ್ಳೋಣ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ನೂರು ಕಾರು ಒಂದರ ಹಿಂದೊಂದು ನಿಂತಿವೆ, ನಡುವೆ ಒಂದೂವರೆ ಮೀಟರ್ ಅಂತರ. ಎಲ್ಲವೂ ನಾಲ್ಕು ಮೀಟರಿನವಾದರೆ ಸಾಲು ಸುಮಾರು 550 ಮೀಟರ್. ಎಲ್ಲವೂ ಆಲ್ಟೊ ಆದರೆ ಸುಮಾರು 500. ನೂರು ಕಾರಿಗೆ ಉಳಿದದ್ದು ಐವತ್ತು ಮೀಟರ್ ಮಾತ್ರ. ಆ ನೂರು ಕಾರಿನಲ್ಲಿ ಇರುವಷ್ಟು ಜನರನ್ನು ಎರಡು ಮೂರು ಬಿಎಂಟಿಸಿ ಬಸ್ಸುಗಳು ಹೊತ್ತೊಯ್ಯುತ್ತವೆ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಈ ನಗರದಲ್ಲಿ ಹತ್ತು ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಎಸ್‌ಯುವಿಗಳೆಲ್ಲ ರಾತ್ರೋರಾತ್ರಿ ಸಣ್ಣ ಕಾರುಗಳಾದರೂ ಈ ಸಮಯ ಹೇಳಿಕೊಳ್ಳುವಷ್ಟು ತಗ್ಗುವುದಿಲ್ಲ. ಸ್ಕೂಟರಿನಿಂದ ಕಾರಿಗೆ ಬರುವವರು ಹೆಚ್ಚಾದರೆ ಅದು ಏರಬಹುದು ಕೂಡ.

ನಿಂತ ರಸ್ತೆಯ ಕಥೆ ಬೇರೆ. ಶ್ರೀನಗರ, ಮತ್ತಿಕೆರೆ, ಲಗ್ಗೆರೆಯಂಥ ಕಡೆ ಎಷ್ಟೋ ಅಡ್ಡರಸ್ತೆಗಳು ಇಪ್ಪತ್ತಡಿಯವು, ಅಂದರೆ ಸುಮಾರು 6.1 ಮೀಟರ್. ನೆಕ್ಸಾನ್‌ನಂಥ ಕಾರಿನ ಅಗಲ 1.8 ಮೀಟರ್. ಅಂಥವು ಎರಡೂ ಬದಿ ನಿಂತರೆ ನಡುವೆ ಉಳಿಯುವುದು ಎರಡೂವರೆ ಮೀಟರ್. ಅಗ್ನಿಶಾಮಕ ವಾಹನದ ಅಗಲವೂ ಹೆಚ್ಚುಕಡಿಮೆ ಅಷ್ಟೇ, ಅದು ಒಳಗೆ ಬರುವ ಹಾಗಿಲ್ಲ. ಅದೇ ಜಾಗದಲ್ಲಿ 1.49 ಮೀಟರ್ ಅಗಲದ ಆಲ್ಟೊಗಳು ನಿಂತಿದ್ದರೆ ಮೂರು ಮೀಟರಿಗಿಂತ ಹೆಚ್ಚು ಉಳಿಯುತ್ತದೆ. ನೀರಿನ ಟ್ಯಾಂಕರ್, ಕಸದ ಲಾರಿ, ಆಂಬುಲೆನ್ಸ್ ಯಾವುದೇ ಆದರೂ ಸರಾಗವಾಗಿ ದಾಟುತ್ತದೆ. ಕಾರಿನ ಚಿಕ್ಕತನ ನಿಜವಾಗಿ ಊರಿಗೆ ಉಪಕಾರ ಮಾಡುವುದು ಇಲ್ಲಿ, ಅದೂ ಅಗಲದಲ್ಲಿ. ನಮ್ಮ ಜಿಎಸ್‌ಟಿ ನಿಯಮದಲ್ಲಿ ಅಗಲದ ಪ್ರಸ್ತಾಪವೇ ಇಲ್ಲ.

20×30ರ ಸೈಟಿನಲ್ಲಿ ಮನೆ ಕಟ್ಟಿದವರಿಗೆ ಈ ಮೂವತ್ತು ಸೆಂಟಿಮೀಟರಿನ ಬೆಲೆ ಚೆನ್ನಾಗಿ ಗೊತ್ತು. ಮೆಟ್ಟಿಲು, ಸಂಪು, ಸ್ಕೂಟರು ಬಿಟ್ಟು ಉಳಿದ ಜಾಗದಲ್ಲಿ ಕಾರು ಗೇಟಿನೊಳಗೆ ಹೋಗಿ, ಬಾಗಿಲು ತೆಗೆದು ಇಳಿಯಲು ಆಗಬೇಕು. ಒಳಗೆ ಹೋಗದ ಕಾರು ಬೀದಿಯಲ್ಲೇ ನಿಲ್ಲುತ್ತದೆ.

ಈ ಸತ್ಯವನ್ನು ಬೆಂಗಳೂರು ಬಹಳ ಹಿಂದೆಯೇ ಗುರುತಿಸಿತ್ತು. ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಎಲೆಕ್ಟ್ರಿಕ್ ಕಾರು ಮೂರು ಮೀಟರಿಗಿಂತ ಚಿಕ್ಕದಿತ್ತು. ಜಯನಗರ, ಮಲ್ಲೇಶ್ವರದ ಓಣಿಗಳಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಹಿಂದೆ ಮಕ್ಕಳಷ್ಟೇ ಕೂರಬಹುದಿತ್ತು, ಬ್ಯಾಟರಿ ಹಳೆಯ ಸೀಸದ್ದು, ಊರಿನಾಚೆ ಹೋಗುವಂತಿರಲಿಲ್ಲ. ಒಂದೇ ಕಾರು ಕೊಳ್ಳುವ ಶಕ್ತಿಯಿರುವ ಕುಟುಂಬ ಅದನ್ನು ಆರಿಸಲಿಲ್ಲ. 2010ರಲ್ಲಿ ಕಂಪನಿ ಮಹೀಂದ್ರಾ ಪಾಲಾಯಿತು. ಈಗ 2.97 ಮೀಟರ್ ಉದ್ದದ ಎಂಜಿ ಕಾಮೆಟ್ ಅದೇ ಜಾಗ ತುಂಬುತ್ತಿದೆ. ಅದನ್ನು ಕೊಳ್ಳುವವರ ಮನೆಯಲ್ಲೂ ದೂರದ ಪ್ರಯಾಣಕ್ಕೆ ಬೇರೊಂದು ವಾಹನ ಬೇಕಾಗುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಚಾರ್ಜಿಂಗ್ ಪಾಯಿಂಟಿಗೆ ಸಂಘದ ಒಪ್ಪಿಗೆ ಪಡೆಯುವುದು ಇನ್ನೊಂದು ತಲೆನೋವು.

ಏರು, ಎಸಿ, ಎಡಗಾಲು

ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್ ಎಂದಾಕ್ಷಣ ಮೂಗು ಮುರಿಯಬೇಕಿಲ್ಲ. ಕಾರಿನ ತೂಕ ಕಡಿಮೆ ಇರುವುದರಿಂದ ಒಬ್ಬರು ಇಬ್ಬರು ಕೂತು ಪೇಟೆಯಲ್ಲಿ ಓಡಾಡುವಾಗ ಅದು ಚುರುಕಾಗಿಯೇ ಇರುತ್ತದೆ. ಪರೀಕ್ಷೆ ಶುರುವಾಗುವುದು ನಾಲ್ಕು ಜನ ಕೂತು, ಎಸಿ ಹಾಕಿ, ಫ್ಲೈಓವರಿನ ಏರಿನಲ್ಲಿ ಟ್ರಾಫಿಕ್ ನಿಂತು ನಿಂತು ಸಾಗುವಾಗ. ಮುಂದಿನ ಕಾರು ಎರಡಡಿ ಸರಿಯುತ್ತದೆ, ನೀವೂ ಕ್ಲಚ್ ಅರ್ಧ ಬಿಟ್ಟು ಎರಡಡಿ ಸರಿಯಬೇಕು, ಮತ್ತೆ ನಿಲ್ಲಬೇಕು. ಕ್ಲಚ್ ಪ್ಲೇಟು ಒತ್ತಿ ಹಿಡಿಯದೆ ಉಜ್ಜಿಕೊಂಡು ತಿರುಗುವುದು ಈ ಹಾಫ್ ಕ್ಲಚ್ಚಿನಲ್ಲೇ. ಚಿಕ್ಕ ಎಂಜಿನ್ನಿಗೆ ಕೆಳಗಿನ ಆರ್‌ಪಿಎಂನಲ್ಲಿ ಎಳೆಯುವ ಶಕ್ತಿ ಕಡಿಮೆ. ಏರಿನಲ್ಲಿ ನಿಂತುಬಿಡಬಾರದೆಂದು ಆಕ್ಸಿಲರೇಟರ್ ಹೆಚ್ಚು ಒತ್ತುತ್ತೇವೆ, ಕ್ಲಚ್ ಇನ್ನಷ್ಟು ಉಜ್ಜುತ್ತದೆ, ಸುಟ್ಟ ವಾಸನೆ ಬರುತ್ತದೆ. ಬೆಂಗಳೂರಿನಲ್ಲಿ ಕ್ಲಚ್ ಬೇಗ ಸವೆಯುವುದಕ್ಕೆ ಕಾರಣ ದೂರವಲ್ಲ, ಈ ತೆವಳಾಟ.

ಇದಕ್ಕೆ ಪರಿಹಾರವಾಗಿ ಬಂದದ್ದು ಎಎಂಟಿ. ಗೇರ್‌ಬಾಕ್ಸ್ ಹಳೆಯದೇ, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಸುಮಾರು ಐವತ್ತು ಸಾವಿರ ಹೆಚ್ಚಿಗೆ ಕೊಟ್ಟರೆ ಎಡಗಾಲಿಗೆ ವಿರಾಮ. ಗೇರ್ ಬದಲಾಗುವಾಗ ಸಣ್ಣಗೆ ತಲೆದೂಗಿಸುತ್ತದೆ. ಏರಿನಲ್ಲಿ ಹಿಂದಕ್ಕೆ ಜಾರುವ ಸಾಧ್ಯತೆಯೂ ಇದೆ, ಹಾಗಾಗಿ ಹಿಲ್ ಹೋಲ್ಡ್ ಸೌಲಭ್ಯ ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ದಿನವೂ ವೈಟ್‌ಫೀಲ್ಡ್ ಕಡೆಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗಿಬರುವವರಿಗೆ ಸನ್‌ರೂಫ್, ದೊಡ್ಡ ಟಚ್‌ಸ್ಕ್ರೀನ್‌ಗಿಂತ ಈ ಐವತ್ತು ಸಾವಿರ ಸಾರ್ಥಕ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ರಸ್ತೆಗುಂಡಿಗಳ ವಿಷಯದಲ್ಲಿ ಸಣ್ಣ ಕಾರಿಗೆ ಸೋಲೂ ಇದೆ, ಸ್ವಲ್ಪ ಗೆಲುವೂ ಇದೆ. ಹದಿಮೂರು ಇಂಚಿನ ಚಿಕ್ಕ ಚಕ್ರ ಗುಂಡಿಯಲ್ಲಿ ಹೆಚ್ಚು ಇಳಿಯುತ್ತದೆ, ಕೂತವರಿಗೆ ಕುಲುಕು ಹೆಚ್ಚು. ಆದರೆ ಅದರ ಟೈರಿನ ಗೋಡೆ ದಪ್ಪ. ತೆಳು ಟೈರು, ದೊಡ್ಡ ಅಲಾಯ್ ಚಕ್ರದ ದುಬಾರಿ ಕಾರುಗಳಲ್ಲಿ ರಿಮ್ ಸೊಟ್ಟಗಾಗುವಂಥ ಪೆಟ್ಟನ್ನು ಇದು ತಡೆದುಕೊಳ್ಳುತ್ತದೆ, ಬದಲಿಸಬೇಕಾದರೂ ಖರ್ಚು ಕಡಿಮೆ. ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸಿಗೆ ಮಾತ್ರ ಇಳಿಸಲೇಬಾರದು. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಇವುಗಳಲ್ಲಿ ತಗ್ಗಿನಲ್ಲಿರುತ್ತದೆ. ಅದರೊಳಗೆ ನೀರು ಹೊಕ್ಕರೆ ಎಂಜಿನ್ನೇ ಹೋಗುತ್ತದೆ, ಮಾಮೂಲಿ ವಿಮೆಯಲ್ಲಿ ಅದಕ್ಕೆ ಹಣ ಸಿಗುವುದು ಕಷ್ಟ.

ಎಷ್ಟು ಸುರಕ್ಷಿತ?

ಚರ್ಚೆ ನಿಜವಾಗಿ ಬಿಸಿಯಾಗುವುದು ಇಲ್ಲಿ. ಎರಡೂ ಕಡೆಯ ವಾದದಲ್ಲಿ ಹುರುಳಿದೆ.

ಸಣ್ಣ ಕಾರಿನ ಪರ ಇರುವವರು ಸ್ಕೂಟರನ್ನು ತೋರಿಸುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಗಳ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5 ದ್ವಿಚಕ್ರ ವಾಹನದಲ್ಲಿದ್ದವರು, ಕಾರು, ಟ್ಯಾಕ್ಸಿ, ವ್ಯಾನ್‌ಗಳಲ್ಲಿದ್ದವರು ಶೇ 12.5. ಅಪ್ಪ, ಅಮ್ಮ, ನಡುವೆ ಒಂದು ಮಗು, ಮುಂದೆ ನಿಂತ ಇನ್ನೊಂದು ಮಗು ಹೀಗೆ ಸ್ಕೂಟರಿನಲ್ಲಿ ಹೋಗುವ ಕುಟುಂಬಕ್ಕೆ ಎಂಥ ಕಾರಾದರೂ ಹೆಚ್ಚಿನ ರಕ್ಷಣೆಯೇ. ರತನ್ ಟಾಟಾ 2008ರ ಜನವರಿಯಲ್ಲಿ ನ್ಯಾನೊ ತೋರಿಸಿದಾಗ ಹೇಳಿದ ಕಾರಣವೂ ಇದೇ. ಮಾರುತಿ ಸುಜುಕಿ ಅಧ್ಯಕ್ಷ ಆರ್.ಸಿ. ಭಾರ್ಗವ ವರ್ಷಗಳಿಂದ ಮುಂದಿಡುತ್ತಿರುವ ವಾದವೂ ಹೆಚ್ಚುಕಡಿಮೆ ಇದೇ: ಸುರಕ್ಷತೆಯ ನಿಯಮಗಳು ಬಿಗಿಯಾದಷ್ಟೂ ಅಗ್ಗದ ಕಾರಿನ ಬೆಲೆ ಏರುತ್ತದೆ, ಕುಟುಂಬ ಸ್ಕೂಟರಿನಲ್ಲೇ ಉಳಿಯುತ್ತದೆ.

ಎದುರು ಬಣ ಕ್ರ್ಯಾಶ್ ಪರೀಕ್ಷೆಯ ಫಲಿತಾಂಶ ಮುಂದಿಡುತ್ತದೆ. ಕಾರುಗಳಿಗೆ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ನ್ಯಾನೊಗೆ 2014ರಲ್ಲಿ ಸಿಕ್ಕಿದ್ದು ಸೊನ್ನೆ. 2023ರಲ್ಲಿ ಅದೇ ಸಂಸ್ಥೆ ಆಲ್ಟೊ ಕೆ10ಗೆ ವಯಸ್ಕರ ರಕ್ಷಣೆಯಲ್ಲಿ ಎರಡು ಸ್ಟಾರ್, ವ್ಯಾಗನ್ ಆರ್‌ಗೆ ಒಂದು ಸ್ಟಾರ್ ಕೊಟ್ಟಿತು. ಆಗ ಪರೀಕ್ಷೆಗೆ ಒಳಗಾದವು ಎರಡು ಏರ್‌ಬ್ಯಾಗಿನ ಮಾದರಿಗಳು. 2025ರಲ್ಲಿ ಮಾರುತಿ ಇವೆರಡಕ್ಕೂ ಆರು ಏರ್‌ಬ್ಯಾಗ್ ಹಾಕಿತು. ಅದು ಒಳ್ಳೆಯದೇ. ಆದರೆ ಏರ್‌ಬ್ಯಾಗಿನ ಸಂಖ್ಯೆಯನ್ನು ಸುರಕ್ಷತೆ ಎಂದು ಓದಿಕೊಂಡರೆ ಎಡವುತ್ತೇವೆ. ಡಿಕ್ಕಿಯಾದಾಗ ಮೊದಲು ನಿಲ್ಲಬೇಕಾದದ್ದು ಪ್ರಯಾಣಿಕರು ಕೂರುವ ಲೋಹದ ಗೂಡು. ಗೂಡು ಕುಸಿದು ಸ್ಟೀರಿಂಗ್, ಡ್ಯಾಶ್‌ಬೋರ್ಡ್ ಎದೆಯ ಕಡೆಗೆ ನುಗ್ಗಿದರೆ ಏರ್‌ಬ್ಯಾಗಿಗೆ ಕೆಲಸ ಮಾಡಲು ಜಾಗವೇ ಇರುವುದಿಲ್ಲ. ಆ ಪರೀಕ್ಷೆಯಲ್ಲಿ ಆಲ್ಟೊದ ಗೂಡು ಸ್ಥಿರ ಎಂದೂ ವ್ಯಾಗನ್ ಆರ್‌ನದು ಅಸ್ಥಿರ ಎಂದೂ ದಾಖಲಾಯಿತು. ಸ್ಟಾರ್‌ಗಿಂತ ಈ ಒಂದು ಸಾಲು ಹೆಚ್ಚು ಹೇಳುತ್ತದೆ.

ಚಿಕ್ಕ ಕಾರೆಂದರೆ ದುರ್ಬಲ ಕಾರು ಎಂದೇನೂ ಅಲ್ಲ. ಟಿಯಾಗೊ 2020ರಲ್ಲೇ ನಾಲ್ಕು ಸ್ಟಾರ್ ಪಡೆದಿತ್ತು. ಪಂಚ್ 2021ರಲ್ಲಿ ಐದು ಪಡೆಯಿತು. ಸುರಕ್ಷತೆ ಉದ್ದದಿಂದ ಬರುವುದಿಲ್ಲ, ಉಕ್ಕಿನ ಗುಣಮಟ್ಟ ಮತ್ತು ವಿನ್ಯಾಸಕ್ಕೆ ಸುರಿದ ಹಣದಿಂದ ಬರುತ್ತದೆ. ಆ ಹಣ ಬೆಲೆಯಲ್ಲೂ ತೂಕದಲ್ಲೂ ಕಾಣಿಸುತ್ತದೆ.

ಸ್ಟಾರ್ ನೋಡುವಾಗ ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ ಇದೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರನ್ನು ನಿಂತ ತಡೆಗೆ ಗುದ್ದಿಸುವ ಪರೀಕ್ಷೆ, ತನ್ನಷ್ಟೇ ತೂಕದ ಇನ್ನೊಂದು ಕಾರಿಗೆ ಗುದ್ದಿದಾಗ ಏನಾಗುತ್ತದೆ ಎಂಬುದನ್ನು ತೋರಿಸುತ್ತದೆ. ರಸ್ತೆಯಲ್ಲಿ ಎದುರಿಗೆ ಬರುವುದು ಅಷ್ಟೇ ತೂಕದ್ದಾಗಿರಬೇಕಿಲ್ಲ. 800 ಕೆ.ಜಿ.ಯ ಕಾರು, 1,600 ಕೆ.ಜಿ.ಯ ಎಸ್‌ಯುವಿ ತಲಾ 50 ಕಿ.ಮೀ. ವೇಗದಲ್ಲಿ ಎದುರುಬದುರು ಗುದ್ದಿ ಅಂಟಿಕೊಂಡವು ಎಂದುಕೊಳ್ಳಿ. ಎರಡೂ ಸೇರಿ ಎಸ್‌ಯುವಿ ಹೋಗುತ್ತಿದ್ದ ದಿಕ್ಕಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸರಿಯುತ್ತವೆ. ಎಸ್‌ಯುವಿಯೊಳಗಿನವರ ವೇಗ ಆ ಕ್ಷಣದಲ್ಲಿ ಬದಲಾದದ್ದು 33 ಕಿ.ಮೀ., ಸಣ್ಣ ಕಾರಿನವರದು 67. ದೇಹಕ್ಕೆ ಬೀಳುವ ಪೆಟ್ಟು ಈ ಬದಲಾವಣೆಯಿಂದಲೇ. ಹಾಗಾಗಿ ಒಂದೇ ಸ್ಟಾರ್ ಪಡೆದ ಹಗುರ ಕಾರು ಮತ್ತು ಭಾರದ ಕಾರು ರಸ್ತೆಯಲ್ಲಿ ಸಮ ಅಲ್ಲ. ಇದರಿಂದ ಹುಟ್ಟುವ ಫಲಿತಾಂಶವೂ ಒಳ್ಳೆಯದಲ್ಲ: ಎಲ್ಲರೂ ಭಾರದ ಕಾರಿಗೆ ಹೋದಷ್ಟೂ ಹಗುರ ಕಾರಿನವರ ಅಪಾಯ ಹೆಚ್ಚುತ್ತದೆ. ಎತ್ತರದ ಮೂತಿಯ ವಾಹನಗಳಿಂದ ರಸ್ತೆ ದಾಟುವವರಿಗೂ ಹೆಚ್ಚು ಪೆಟ್ಟು.

ಈಗ ಇದನ್ನು ಬೆಂಗಳೂರಿಗೆ ತನ್ನಿ. ನಗರದೊಳಗಿನ ಸರಾಸರಿ ವೇಗ ಗಂಟೆಗೆ ಹದಿನೇಳು, ಹದಿನೆಂಟು ಕಿ.ಮೀ. ಆ ವೇಗದಲ್ಲಿ ಆಗುವುದು ಬಂಪರ್ ಗೀರು, ಮಿರರ್ ಮುರಿತ. ಅಲ್ಲಿ ಎರಡು ಸ್ಟಾರ್ ಕಾರು ಕೂಡ ಸಾಕಷ್ಟು ಕಾಪಾಡುತ್ತದೆ. ಆದರೆ ಅದೇ ಕಾರು ಹಬ್ಬಕ್ಕೆ ಊರಿಗೆ ಹೊರಡುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ, ಕಾರಿನ ವೇಗಮಿತಿ ನೂರು. ಹಾಸನದ ಕಡೆ, ಚಿತ್ರದುರ್ಗದ ಕಡೆ ರಾತ್ರಿ ಹೊತ್ತು ಲಾರಿ, ಸ್ಲೀಪರ್ ಬಸ್ಸುಗಳ ನಡುವೆ, ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದ ಮೂವರನ್ನು ಕೂರಿಸಿಕೊಂಡು ಅದು ಓಡುತ್ತದೆ. ಸ್ಕೂಟರಿನಲ್ಲಿ ಈ ಕುಟುಂಬ ಆ ರಸ್ತೆಗೆ, ಆ ವೇಗಕ್ಕೆ ಹೋಗುತ್ತಲೇ ಇರಲಿಲ್ಲ, ಬಸ್ಸು ಹಿಡಿಯುತ್ತಿತ್ತು. ಆದ್ದರಿಂದ ಸ್ಕೂಟರಿಗಿಂತ ಕಾರು ಸುರಕ್ಷಿತ ಎಂಬ ಮಾತು ನಗರದೊಳಗೆ ಪೂರ್ತಿ ಸರಿ, ಹೆದ್ದಾರಿಯಲ್ಲಿ ಅರ್ಧ ಮಾತ್ರ ಸರಿ. ಅಲ್ಲಿ ಅದನ್ನು ಹೋಲಿಸಬೇಕಾದದ್ದು ಕೆಎಸ್‌ಆರ್‌ಟಿಸಿ ಬಸ್ಸಿನೊಂದಿಗೆ, ರೈಲಿನೊಂದಿಗೆ.

ಕಂಪನಿಗಳ ಜಗಳದ ಒಳಗುಟ್ಟು

ಕೆಫೆ ನಿಯಮ ಎಂದರೆ ಒಂದು ಕಂಪನಿ ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿ ಹೊಗೆಗೆ, ಅಂದರೆ ಕಾರ್ಬನ್ ಡೈಆಕ್ಸೈಡಿಗೆ, ಹಾಕುವ ಮಿತಿ. ಅದರ ಮೂರನೆಯ ಹಂತ 2027ರ ಏಪ್ರಿಲ್‌ನಿಂದ ಜಾರಿಯಾಗಬೇಕು. ಮಿತಿ ಎಲ್ಲರಿಗೂ ಒಂದೇ ಅಲ್ಲ, ಕಂಪನಿಯ ಕಾರುಗಳ ಸರಾಸರಿ ತೂಕದ ಮೇಲೆ ನಿಗದಿಯಾಗುತ್ತದೆ. ಭಾರದ ಕಾರು ಮಾರುವವರಿಗೆ ಮಿತಿ ಸಡಿಲ, ಹಗುರ ಕಾರು ಮಾರುವವರಿಗೆ ಬಿಗಿ. ಈಗಾಗಲೇ ಕಡಿಮೆ ಪೆಟ್ರೋಲ್ ಕುಡಿಯುವ ಕಾರಿನಿಂದ ಇನ್ನಷ್ಟು ಉಳಿತಾಯ ಹಿಂಡಬೇಕಾದರೆ ದುಬಾರಿ ತಂತ್ರಜ್ಞಾನ ಬೇಕು, ನಾಲ್ಕು ಲಕ್ಷದ ಕಾರಿಗೆ ಅದು ಹೊರೆ ಎಂಬುದು ಮಾರುತಿಯ ವಾದ. ಕರಡಿನಲ್ಲಿ 909 ಕೆ.ಜಿ.ಯೊಳಗಿನ ಕಾರಿಗೆ ಕಿ.ಮೀ.ಗೆ 3 ಗ್ರಾಂ ವಿನಾಯಿತಿ ಬಂದದ್ದು ಇದಕ್ಕೇ. ಟಾಟಾ, ಮಹೀಂದ್ರಾ, ಹ್ಯುಂಡೈ ಇದನ್ನು ವಿರೋಧಿಸಿದವು. ತೂಕಕ್ಕೆ ಬಹುಮಾನ ಕೊಟ್ಟರೆ ಉಕ್ಕು ಕಡಿಮೆ ಮಾಡಿದವನಿಗೆ ಬಹುಮಾನ ಕೊಟ್ಟಂತೆ, ಅದೂ ಬಹುಮಟ್ಟಿಗೆ ಒಂದೇ ಕಂಪನಿಗೆ ಎಂಬುದು ಆ ಬಣದ ಆಕ್ಷೇಪ.

ಮಾರುತಿ ಹೇಳುವ ಸಂಕಟ ಸುಳ್ಳಲ್ಲ. ಐದು ಲಕ್ಷದೊಳಗಿನ ಕಾರುಗಳ ಮಾರಾಟ 2015-16ರಲ್ಲಿ 9.34 ಲಕ್ಷದಷ್ಟಿತ್ತು, 2024-25ರಲ್ಲಿ ಅದು ಸುಮಾರು 25 ಸಾವಿರಕ್ಕೆ ಕುಸಿಯಿತು. ಎಬಿಎಸ್ ಬ್ರೇಕ್, ಏರ್‌ಬ್ಯಾಗ್, 2020ರ ಬಿಎಸ್-6 ಹೊಗೆ ನಿಯಮ ಒಂದೊಂದೇ ಬಂದು ಬೆಲೆ ಏರಿತು. ಹಳೆಯ ಆಲ್ಟೊ 800 ಕೂಡ 2023ರ ಹೊಗೆ ನಿಯಮಗಳ ಹೊತ್ತಿಗೆ ನಿಂತುಹೋಯಿತು. ಅದೇ ಹೊತ್ತಿನಲ್ಲಿ ಜನರ ಆಸೆಯೂ ಬದಲಾಯಿತು. ಮಾರಾಟವಾಗುವ ಕಾರುಗಳಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿಗಳು. ಅಗ್ಗ ಎಂಬುದೊಂದೇ ಗುಣವನ್ನು ಹಣೆಪಟ್ಟಿಯಾಗಿ ಅಂಟಿಸಿಕೊಂಡ ನ್ಯಾನೊ 2018ರ ಹೊತ್ತಿಗೆ ನಿಂತೇಹೋದದ್ದನ್ನು ಮರೆಯುವಂತಿಲ್ಲ. ಬೆಲೆ ಇಳಿದ ಮಾತ್ರಕ್ಕೆ ಈ ವರ್ಗದ ಕಾರು ಹಳೆಯ ವೈಭವಕ್ಕೆ ಮರಳುತ್ತದೆ ಎಂದು ನಾನು ನಂಬುವುದಿಲ್ಲ.

ಕರಡು ಪರಿಷ್ಕರಣೆಗೆ ಒಳಗಾಗುತ್ತಲೇ ಇದೆ, 909ರ ಗೆರೆ ಉಳಿದರೂ ಅಳಿದರೂ ಅಚ್ಚರಿಯಿಲ್ಲ. ಉಳಿದರೆ ಆಲ್ಟೊ ವರ್ಗದ ಕಾರುಗಳು ಇನ್ನೂ ಕೆಲವು ವರ್ಷ ಈ ಬೆಲೆಯಲ್ಲಿ ಸಿಗುತ್ತವೆ, ಆದರೆ 909 ದಾಟಬಾರದೆಂಬ ಹಠದಲ್ಲಿ ಗಟ್ಟಿತನ ಹೆಚ್ಚಿಸುವ ಉತ್ಸಾಹ ಕುಗ್ಗಬಹುದು. ಹೋದರೆ ಕಂಪನಿಗಳು ಎಲೆಕ್ಟ್ರಿಕ್, ಹೈಬ್ರಿಡ್‌ಗಳತ್ತ ವಾಲುತ್ತವೆ, ಅತಿ ಅಗ್ಗದ ಮಾದರಿಗಳು ಒಂದೊಂದಾಗಿ ಕಣ್ಮರೆಯಾಗಬಹುದು. ನನ್ನ ದೃಷ್ಟಿಯಲ್ಲಿ ನ್ಯಾಯವಾದ ದಾರಿ ಒಂದೇ: ರಿಯಾಯಿತಿ ಕೊಡಿ, ಆದರೆ ಭಾರತ್ ಎನ್‌ಕ್ಯಾಪ್‌ನಲ್ಲಿ ಕನಿಷ್ಠ ಮೂರು ಸ್ಟಾರ್ ಎಂಬ ಷರತ್ತಿನೊಂದಿಗೆ. 2023ರ ಅಕ್ಟೋಬರ್‌ನಿಂದ ನಮ್ಮದೇ ಪರೀಕ್ಷಾ ವ್ಯವಸ್ಥೆ ಇದೆ. ಅದಕ್ಕೆ ಕಾರು ಕಳಿಸುವುದು ಇನ್ನೂ ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಸಾರ್ವಜನಿಕರ ತೆರಿಗೆಯಲ್ಲಿ ಪಾಲು ಕೇಳುವ ಕಾರು ಸಾರ್ವಜನಿಕ ಪರೀಕ್ಷೆಗೂ ನಿಲ್ಲಬೇಕು.

ಯಾರಿಗೆ ಒಗ್ಗುತ್ತದೆ

ಮನೆಯ ಹತ್ತಿರ ಮೆಟ್ರೊ ಇದ್ದು, ಕಾರು ಬೇಕಾದದ್ದು ಆಸ್ಪತ್ರೆ, ಮದುವೆ, ಸಂತೆಗೆ ಮಾತ್ರ ಎನ್ನುವವರಿಗೆ, ಓಡಾಟ ಊರೊಳಗೇ ಮುಗಿಯುವವರಿಗೆ ಸಣ್ಣ ಕಾರು ಧಾರಾಳವಾಗಿ ಸಾಕು. ತಿಂಗಳಿಗೆ ಎರಡು ಮೂರು ಸಲ ಹೆದ್ದಾರಿ ಹಿಡಿಯುವ, ನಾಲ್ಕೈದು ಜನರ ಕುಟುಂಬವಾದರೆ ಗಟ್ಟಿ ಗೂಡಿನ, ಹೆಚ್ಚು ಸ್ಟಾರ್ ಇರುವ ಟಿಯಾಗೊ, ಪಂಚ್ ವರ್ಗದತ್ತ ನೋಡುವುದು ಲೇಸು. ಒಂದು ವರ್ಷ ಕಾದು ಕೂಡಿಸಿಯಾದರೂ ಸರಿ. ಸಿಎನ್‌ಜಿ ಬೇಕೆನ್ನುವವರು ಬುಕ್ ಮಾಡುವ ಮೊದಲು ಡಿಕ್ಕಿ ತೆಗೆದು ನೋಡಲಿ, ಸಿಲಿಂಡರ್ ಕೂತ ಮೇಲೆ ಊರಿನ ಸಾಮಾನು ಹಿಡಿಯುವುದಿಲ್ಲ. ಅದೇ ಹಣಕ್ಕೆ ಹಳೆಯ ದೊಡ್ಡ ಕಾರು ತರುವ ಯೋಚನೆಯಿದ್ದರೆ ತಯಾರಾದ ತಿಂಗಳು ಗಮನಿಸಬೇಕು. 2023ರ ಏಪ್ರಿಲ್‌ಗೆ ಮೊದಲಿನವು ಹೆಚ್ಚಾಗಿ ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆಂದು ಮಾಡಿದವಲ್ಲ. ಅಂಥವುಗಳಲ್ಲಿ ಮೈಲೇಜ್ ಶೇ 3ರಿಂದ 6ರಷ್ಟು ತಗ್ಗಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯವರೆಲ್ಲ ಕೂತು, ಎಸಿ ಹಾಕಿ, ಒಂದು ಫ್ಲೈಓವರ್ ಹತ್ತಿಸಿ ನೋಡಿ.

ರಾಜ್ಯದ ಕೈಯಲ್ಲಿರುವುದು

ಜಿಎಸ್‌ಟಿ, ಕೆಫೆ ಎರಡೂ ದೆಹಲಿಯ ವಿಷಯ. ಲೈಫ್ ಟ್ಯಾಕ್ಸ್ ಮಾತ್ರ ವಿಧಾನಸೌಧದ್ದು, ಅದರಲ್ಲೊಂದು ಎಡವಟ್ಟಿದೆ. ಒಂದು ಕಾರಿನ ಕೆಳಗಿನ ಮಾದರಿಗೆ 4,95,000 ರೂಪಾಯಿ ಎಂದುಕೊಳ್ಳಿ. ಸೆಸ್ ಸೇರಿ ತೆರಿಗೆ ಸುಮಾರು 71,400. ಹೆಚ್ಚಿನ ಸುರಕ್ಷತಾ ಸೌಲಭ್ಯವಿರುವ ಮೇಲಿನ ಮಾದರಿ 15,000 ಹೆಚ್ಚು, ಅಂದರೆ 5,10,000. ಗೆರೆ ದಾಟಿದ್ದರಿಂದ ಪೂರ್ತಿ ಬೆಲೆಗೂ ಶೇ 14 ಬಿದ್ದು ತೆರಿಗೆ ಸುಮಾರು 79,250 ಆಗುತ್ತದೆ. ಹದಿನೈದು ಸಾವಿರದ ಸುರಕ್ಷತೆಗೆ ಕರ್ನಾಟಕದಲ್ಲಿ 7,800 ರೂಪಾಯಿ ಹೆಚ್ಚುವರಿ ತೆರಿಗೆ. ಶೋರೂಮಿನಲ್ಲಿ ಕೂತ ಕುಟುಂಬ ಕೆಳಗಿನ ಮಾದರಿಗೆ ಇಳಿಯುವುದಕ್ಕೆ ಇಷ್ಟು ಸಾಕು.

ಇದನ್ನು ಸರಿಪಡಿಸಲು ದೊಡ್ಡ ಸುಧಾರಣೆ ಬೇಕಿಲ್ಲ. ಆದಾಯ ತೆರಿಗೆಯಲ್ಲಿರುವಂತೆ ಗೆರೆ ದಾಟಿದ ಮೊತ್ತಕ್ಕೆ ಮಾತ್ರ ಮೇಲಿನ ದರ ಹಾಕಬಹುದು. ಅಥವಾ ಭಾರತ್ ಎನ್‌ಕ್ಯಾಪ್‌ನಲ್ಲಿ ನಾಲ್ಕು ಸ್ಟಾರ್ ದಾಟಿದ ಹತ್ತು ಲಕ್ಷದೊಳಗಿನ ಕಾರಿಗೆ ಶೇ 13ರ ದರವನ್ನೇ ಉಳಿಸಬಹುದು. ಎರಡಕ್ಕೂ ತೆರಿಗೆ ಪಟ್ಟಿಯಲ್ಲಿ ಒಂದು ಸಾಲಿನ ತಿದ್ದುಪಡಿ ಸಾಕು, ರಾಜ್ಯದ ಮುಂದಿನ ಬಜೆಟ್‌ನಲ್ಲೇ ಅದನ್ನು ತರಬಹುದು.